ಖಾಲಿ ಎಂದು ಕಂಡ ಹುಲ್ಲುಗಾವಲು

೧೯೬೧ನೆಯ ಇಸವಿ, ನನಗಾಗ ಇಪ್ಪತ್ತಾರು ವರ್ಷ. ಆ ಭಾದ್ರಪದದಲ್ಲಿ ಒಂದು ತಾಂಡೆಯ ನೆಲವನ್ನು ನಾನು ಕೈಯಾರೆ ಕಳೆದೆ — ಒಂದೂ ಸುಳ್ಳು ಬರೆಯದೆ.

ಘಾಟಬೋರಾಳದ ಆಚೆ ಲಂಬಾಣಿಗರ ದನಗಳು ಮೇಯುತ್ತಿದ್ದ ಸರಕಾರಿ ಗಾಯರಾಣವಿತ್ತು. ಅದನ್ನು ಉಳುಮೆಗೆ ಕೊಡಬೇಕೆಂದು ಊರಿನ ಜಮೀನುದಾರರು ಅರ್ಜಿ ಹಾಕಿದ್ದರು. ಸ್ಥಳ ನೋಡಲು ಬಂದ ಅಧಿಕಾರಿ, ಶಾಲೆಯ ಮಾಸ್ತರನಾದ ನನ್ನಿಂದಲೇ ಪಂಚನಾಮೆ ಬರೆಸಿದರು. ಬರೆದೆ: ‘ಈ ದಿನ ಇಲ್ಲಿ ಒಂದು ದನವೂ ಒಬ್ಬ ಮನುಷ್ಯನೂ ಕಂಡುಬರಲಿಲ್ಲ.’

ಕಾಣುವುದಾದರೂ ಹೇಗೆ — ತಾಂಡೆಯ ಹಿರಿಯ ಸೋಮಲಾ ನಾಯಕ ಹಿಂದಿನ ವರ್ಷವೇ ನನಗೆ ಹೇಳಿದ್ದ: “ಹುಲ್ಲಿನ ಬೀಜ ನೆಲಕ್ಕ ಬೀಳೋತನಕ ನಾವು ಒಳಗ ಕಾಲಿಡಾದಿಲ್ರಿ, ಮಾಸ್ತರ. ದೀವಳಿಗಿಗೆ ಬರ್ರಿ. ನಮ್ಮ ಹುಡುಗ್ಯಾರು ಹಾಡ್ಕೋತ ಹೂವು ಹರಿಯಾಕ ಹೋಗ್ತಾರ. ಅವರ ಹಿಂದ ದನ ಬಿಡ್ತೀವಿ.”

ಇದನ್ನು ಸೇರಿಸಲು ಒಂದು ಸಾಲು ಸಾಕಿತ್ತು. ಸೇರಿಸಲಿಲ್ಲ. ಯಾರೂ ಹೆದರಿಸಿರಲಿಲ್ಲ, ಏನೂ ಕೊಟ್ಟಿರಲಿಲ್ಲ. ದನ ಹೋದರೆ ಮಕ್ಕಳು ಶಾಲೆಗೆ ಬಂದಾರು, ತಮ್ಮ ಮಾತು ಬಿಟ್ಟು ಶುದ್ಧ ಕನ್ನಡ ಕಲಿತಾರು — ಎಂದು ಅವರ ಒಳಿತನ್ನು ನಾನೇ ನಿರ್ಧರಿಸಿದ್ದೆ.

ನೇಗಿಲು ಇಳಿಯಿತು. ಹೂವಿನ ಗಿಡಗಳು ಬೇರುಸಹಿತ ಹೋದವು. ಆ ಹುಲ್ಲಿನಲ್ಲಿ ಓಡಾಡುತ್ತಿದ್ದ ಚಿಗರಿ ಜಿಂಕೆಗಳು ಮತ್ತೆ ಕಾಣಲಿಲ್ಲ. ದನಗಳು ಹುಮನಾಬಾದಿನ ಸಂತೆಯಲ್ಲಿ ಮಾರಾಟವಾದವು. ಮಕ್ಕಳು ಶಾಲೆಗೆ ಬರಲಿಲ್ಲ — ಕಬ್ಬು ಕಡಿಯಲು ದೇಶಾಂತರ ಹೊರಟ ತಂದೆತಾಯಿಯ ಹಿಂದೆ ಹೋದರು. ಆ ದೀಪಾವಳಿಯ ಹಾಡು... ಅದನ್ನು ನಾನು ಒಮ್ಮೆಯೂ ಹೋಗಿ ಕೇಳಿರಲಿಲ್ಲ.

ಬಹಳ ವರ್ಷಗಳ ಮೇಲೆ, ಬಸವಕಲ್ಯಾಣದ ವಾಚನಾಲಯದಲ್ಲಿ, ಜಪಾನಿನ ಉತ್ತರ ದ್ವೀಪದ ಐನು ಜನರ ಬಗ್ಗೆ ಓದಿದೆ. ಅವರ ಕಾಡನ್ನು ಯಾರದೂ ಅಲ್ಲದ ನೆಲವೆಂದು ಬರೆದು ವಲಸೆ ಬಂದ ರೈತರಿಗೆ ಹಂಚಿದರಂತೆ. ಜಿಂಕೆಗಳು ಹೋದವು, ಶಾಲೆಯಲ್ಲಿ ಮಕ್ಕಳ ಮಾತೂ ಹೋಯಿತು. ಪುಸ್ತಕ ಮುಚ್ಚಿದೆ. ಹಾಗೆ ಬರೆದವನ ಕೈ ನನಗೆ ಚೆನ್ನಾಗಿ ಪರಿಚಿತವಾಗಿತ್ತು.

ಸೋಮಲಾನ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವನ ಹೆಸರಿನಲ್ಲಿ ಮರುವಿಚಾರಣೆಯ ಅರ್ಜಿ ಹಾಕಿಸಿ, ನನ್ನ ಬರಹದ ವಿರುದ್ಧ ನಾನೇ ಸಾಕ್ಷಿ ನುಡಿದೆ. ಆದೇಶ ಬಂತು: ಪಂಚನಾಮೆ ಸ್ಪಷ್ಟವಾಗಿದೆ, ಅದರಲ್ಲಿ ಸುಳ್ಳಿಲ್ಲವೆಂದು ಬರೆದವರೇ ಒಪ್ಪಿದ್ದಾರೆ, ಅದನ್ನೇ ಎತ್ತಿಹಿಡಿಯಲಾಗಿದೆ. ಎಲ್ಲ ಕಡೆಯೂ ಗೋಡೆ — ಕಟ್ಟಿದವನು ನಾನೇ.

ಹುಮನಾಬಾದಿನ ಕಚೇರಿಯ ಮೆಟ್ಟಿಲ ಮೇಲೆ ಆ ಆದೇಶವನ್ನು ಸೋಮಲಾನಿಗೆ ಓದಿ ಹೇಳಿದೆ. ಜೊತೆಗಿದ್ದ ಹಳೆಯ ಪಂಚನಾಮೆಯ ನಕಲನ್ನು ಅವನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ.

“ನಿಮ್ಮ ಅಕ್ಷರ ಭಾಳ ಚಂದ ಅದಾವ್ರಿ, ಮಾಸ್ತರ. ದನ ಮೇಯಾಕ ಬರಾದಿಲ್ಲ, ಅಷ್ಟ.”

ಅಂದು ಸೋಮವಾರ, ೧೯೮೪ನೆಯ ಮಾರ್ಚ್ ೧೨.