ಗೆಜ್ಜೆ ಸಪ್ಪಳದ ಕಾವಲು

ಓಣಿಯವರೆಲ್ಲ ಆಯಿ ಎಂದು ಕರೆಯುತ್ತಿದ್ದ ಮುದುಕಿಯ ಎರಡೂ ಕಣ್ಣಿಗೆ ಹಾಲಿನ ಕೆನೆಯಂಥ ಪೊರೆ ಬಂದಿತ್ತು. ಎದುರಿಗೆ ನಿಂತವರು ಯಾರೆಂದು ತಿಳಿಯಲು ಕತ್ತು ಓರೆ ಮಾಡಿ, ಹಣೆಗೆ ಕೈ ಹಚ್ಚಿ ನೋಡುತ್ತಿದ್ದಳು. ಅಂಥವಳ ಕೈಗೆ ದೇವಾಪುರದ ನಮ್ಮ ಓಣಿಯ ಹೆಂಗಸರೆಲ್ಲ ಮಕ್ಕಳನ್ನು ಒಪ್ಪಿಸಿ ಗದ್ದೆಗೆ ಇಳಿಯುತ್ತಿದ್ದೆವು. ಕಾಲುವೆ ನೀರು ಬಂದ ಮೇಲೆ ಜೋಳದ ಹೊಲಗಳೆಲ್ಲ ಗದ್ದೆಗಳಾಗಿದ್ದವು. ನಾಟಿಯ ದಿನಗಳಲ್ಲಿ ಮಕ್ಕಳನ್ನು ನೋಡಲು ಮನೆಯಲ್ಲಿ ಯಾರೂ ಉಳಿಯುತ್ತಿರಲಿಲ್ಲ. ಬದುವಿನ ಬೇವಿನ ಗಿಡದ ಕೆಳಗೆ ಆಯಿ, ಸುತ್ತ ಎಂಟು ಹತ್ತು ಮಕ್ಕಳು. ಅಲ್ಲಿಂದ ಮೂವತ್ತು ಹೆಜ್ಜೆಗೆ ಕಾಲುವೆ.

ಅವಳು ಕಾಯುತ್ತಿದ್ದದ್ದು ಕಿವಿಯಿಂದ. ಪ್ರತಿ ಮಗುವಿನ ಕಾಲಿಗೂ ಗೆಜ್ಜೆ ಕಟ್ಟುವಳು. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಮೂರು, ಮತ್ತೊಬ್ಬರಿಗೆ ಕರುವಿನ ಕೊರಳಿನ ಹಳೆಯ ಗಂಟೆ. ಎಲೆ ಅಡಿಕೆ ಜಗಿಯುತ್ತ ಕೂತಲ್ಲಿಂದಲೇ, "ಏ ಮೂರು ಗೆಜ್ಜಿಯಾಕಿ, ಹಿಂದಕ್ಕ ಬಾ" ಎನ್ನುವಳು. ಎಷ್ಟೋ ನಾಟಿಗಳು ಕಳೆದರೂ ಒಂದು ಮಗುವೂ ಅವಳ ಕೈತಪ್ಪಿ ನೀರಿನ ತನಕ ಹೋಗಿರಲಿಲ್ಲ. ಆ ಹೆಸರೊಂದೇ ಅವಳ ಆಸ್ತಿ.

ಆಗ ನನ್ನ ಮಗಳಿಗೆ ಆರು ವರ್ಷ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಹೇಳಿದ ಮಾತು ಮುಗಿಯುವುದರೊಳಗೆ ಮರೆಯುವಳು, ಉಣ್ಣುವಾಗ ಐದು ಸಲ ಏಳುವಳು. ಫೋನು ಕೊಟ್ಟರೆ ಮಾತ್ರ ಕಲ್ಲಿನಂತೆ ಕೂರುವಳು. ಕಸಿದರೆ ಗೋಡೆಗೆ ತಲೆ ಬಡಿದುಕೊಳ್ಳುವಳು. ಯಾದಗಿರಿಯ ಡಾಕ್ಟರು, "ಇದು ಸೊಕ್ಕಲ್ಲರಿ, ಗಮನ ನಿಲ್ಲದ ತೊಂದರಿ ಅದ. ಫೋನ್ ಕಮ್ಮಿ ಮಾಡ್ರಿ, ಹೊಡಿಬ್ಯಾಡ್ರಿ" ಎಂದಿದ್ದರು. ಹೇಳುವವರಿಗೇನು. ಮೊಣಕಾಲುದ್ದ ಕೆಸರಲ್ಲಿ ನಿಂತವಳು ಅದನ್ನು ಹೇಗೆ ಮಾಡಬೇಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಾಡಿ ತೋರಿಸಿದವಳು ಆಯಿ. "ಸುಮ್ನ ಕುಂದ್ರು" ಎಂದು ಮಗಳಿಗೆ ಒಮ್ಮೆಯೂ ಅನ್ನಲಿಲ್ಲ. "ಈ ತಂಬಿಗಿ ಒಯ್ದು ನಿಮ್ಮವ್ವಗ ನೀರು ಕೊಡು" ಎನ್ನುವಳು. ತಿರುಗಿ ಬಂದ ಮೇಲೆ, "ಈಗ ಹತ್ತು ಬೇವಿನಕಾಯಿ ಆರಿಸ್ಕೊಂಡು ಬಾ" ಎನ್ನುವಳು. ಒಂದು ಸಲಕ್ಕೆ ಒಂದೇ ಕೆಲಸ. "ಓಡೋ ಕೂಸಿಗಿ ಓಡೋ ಕೆಲಸನೇ ಕೊಡಬೇಕು, ತಂಗಿ" ಎಂದು ನನಗೆ ಹೇಳಿದ್ದಳು. ಮಗಳ ಕೈಯಲ್ಲಿ ಫೋನು ಇದ್ದ ದಿನ ಮಾತ್ರ ಸಿಟ್ಟಾದಳು. "ಇದರ ಗದ್ದಲದಾಗ ನನಗ ಗೆಜ್ಜಿ ಕೇಳಸಂಗಿಲ್ಲ. ಇನ್ನೊಮ್ಮಿ ತಂದ್ರ ನಿನ್ನ ಕೂಸು ನೀನೇ ಕಾಯ್ಕೋ."

ಆ ವರ್ಷ ನಮ್ಮ ನೀರಿನ ಪಾಳಿ ಮುಗಿಯಲು ಒಂದೇ ದಿನ ಉಳಿದಿತ್ತು. ಸಂಜೆಯೊಳಗೆ ನಾಟಿ ಆಗದಿದ್ದರೆ ಸಸಿ ಒಣಗುತ್ತಿತ್ತು. ಮಗಳು ಬೆಳಗಿನಿಂದ ನಾಲ್ಕು ಸಲ ಬದುವಿಗೆ ಬಂದು ನನ್ನನ್ನು ಕರೆದಿದ್ದಳು. ಸಾಲಿನ ಹೆಂಗಸರು ಗೊಣಗತೊಡಗಿದ್ದರು. ಐದನೆಯ ಸಲ ಬಂದಾಗ ರೊಟ್ಟಿ ಗಂಟಿನಲ್ಲಿದ್ದ ಫೋನು ತೆಗೆದುಕೊಟ್ಟೆ. "ಆಯಿಗಿ ಹೇಳಬ್ಯಾಡ" ಎಂದೆ. ಹೆತ್ತ ತಾಯಿ ನಾನು, ಮಗುವಿಗೆ ಕಳ್ಳತನ ಕಲಿಸಿದೆ.

ಗಿಡದ ಹಿಂದೆ ಹಾಡು ಶುರುವಾದದ್ದೇ ತಡ, ಉಳಿದ ಮಕ್ಕಳು ಮುಗಿಬಿದ್ದು ಫೋನು ಕಸಿದುಕೊಂಡವು. ಮಗಳು ಸಿಟ್ಟಿನಿಂದ ಎದ್ದು ಕಾಲುವೆಯ ಕಡೆ ಓಡಿದಳು. ಆ ಗದ್ದಲದಲ್ಲಿ ಆಯಿಗೆ ಗೆಜ್ಜೆ ಕೇಳಿಸಿದ್ದು ತಡವಾಗಿ. ಅವಳು ಎದ್ದು ಆ ಸಪ್ಪಳದ ಬೆನ್ನುಹತ್ತಿ ಓಡಿದ್ದು ನನಗೆ ಕಂಡಿತು; ಕೆಸರಿನಿಂದ ನಾನು ಕಾಲು ಕೀಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂಚಿನಲ್ಲಿ ಮಗಳ ಲಂಗ ಹಿಡಿದು ಹಿಂದಕ್ಕೆ ಎಳೆದವಳು ತಾನು ಸಿಮೆಂಟಿನ ಇಳಿಜಾರಿನಲ್ಲಿ ಜಾರಿ ಬಿದ್ದಳು. ನಾಲ್ವರು ಸೇರಿ ನೀರಿನಿಂದ ಎತ್ತಿದರು, ಸೊಂಟ ಮುರಿದಿತ್ತು. ಆ ಹೊತ್ತಿಗೆ ನಾನು ಏನು ಮಾಡುತ್ತಿದ್ದೆ? ಹಾಡುತ್ತಿದ್ದ ಫೋನನ್ನು ಬಂದ್ ಮಾಡಿ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದೆ.

ಓಣಿಯಲ್ಲಿ ಮಾತು ಹರಡಿತು. "ಮುದುಕಿಗಿ ಕಿವಿ ಹೋಗ್ಯಾವ. ಇನ್ನ ಆಕಿ ಕಡಿ ಕೂಸು ಬಿಡಬ್ಯಾಡ್ರಿ." ತನ್ನ ಮಗ ಕೇಳಿದಾಗ ಆಯಿ, "ಹೌದಪ್ಪ, ನನಗ ಕೇಳಸ್ಲಿಲ್ಲ" ಎಂದಳು. ನನ್ನ ಹೆಸರು ಎತ್ತಲಿಲ್ಲ. ನಾನು ಗಂಜಿ ಹಿಡಿದು ಅವಳ ಮನೆಯ ಹೊಸ್ತಿಲಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ನನ್ನಂಥ ಹೇಡಿ ಆ ಓಣಿಯಲ್ಲಿ ಇನ್ನೊಬ್ಬಳಿರಲಿಲ್ಲ.

ಆಯಿ ನಾಲ್ಕು ತಿಂಗಳು ಹಾಸಿಗೆ ಹಿಡಿದಳು. ಬೆನ್ನೆಲ್ಲ ಹುಣ್ಣಾಯಿತು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಅವಳ ಕಾಲು ಹಿಡಿದು ಅತ್ತೆ. "ಎಲ್ಲಾರಿಗಿ ಖರೇ ಹೇಳಿಬಿಡ್ತೀನಿ, ಆಯಿ" ಎಂದೆ.

"ಹೇಳಿದ್ರ ಕೂಸಿಗಿ ಬಡಿತಾರ. ನಿನ್ನ ಗಂಡನ ಕೈ ನನಗ ಗೊತ್ತದ" ಎಂದಳು. "ಸುಮ್ನಿರು. ಆದ್ರ ಆಕಿಗಿ ಕೆಲಸ ಹಚ್ಚೋದು ಬಿಡಬ್ಯಾಡ."

ಮರುವಾರ ತೀರಿಕೊಂಡಳು. ನಾನು ಕೆಲಸ ಹಚ್ಚುವುದನ್ನು ಬಿಡಲಿಲ್ಲ, ಸುಮ್ಮನಿರುವುದನ್ನೂ ಬಿಡಲಿಲ್ಲ. ಮಗಳು ಈಗ ಏಳನೆಯ ತರಗತಿ. ಒಂದು ಸಲಕ್ಕೆ ಒಂದೇ ಪಾಠ ಕೊಟ್ಟರೆ ಕೂತು ಓದುತ್ತಾಳೆ, ನಡುವೆ ಎದ್ದು ಹಿತ್ತಲಿಗೆ ಓಡಿ ಬರುತ್ತಾಳೆ.

ಈ ಸಲದ ನಾಟಿಗೆ ಆಯಿಯ ಮೊಮ್ಮಗಳು ಕೂಸು ಕಟ್ಟಿಕೊಂಡು ಬಂದಳು. ಬದುವಿನ ಮೇಲೆ ಅದನ್ನು ಕೂರಿಸಿ ಕೈಗೆ ಫೋನು ಕೊಟ್ಟಳು. "ಯಾರ ಕಡಿನೂ ಬಿಡಂಗಿಲ್ಲರಿ ಅಕ್ಕಾ. ನಮ್ಮ ಆಯಿಗಿ ಕಿವಿ ಕೇಳಸಲಾರದಕ್ಕ ನಿಮ್ಮ ಕೂಸೇ ನೀರಾಗ ಹೋಗ್ತಿತ್ತಲ್ಲ" ಎಂದಳು.

ಕೈಯಲ್ಲಿದ್ದ ಸಸಿ ಕೆಳಗಿಟ್ಟೆ. "ನಿಮ್ಮ ಆಯಿ ಕಿವಿ ಚೊಲೋ ಇದ್ದವು. ಅವತ್ತ ನನ್ನ ಕೂಸಿಗಿ ಫೋನು ಕೊಟ್ಟಾಕಿ ನಾನು, ಅದರ ಗದ್ದಲದಾಗ ಆಕಿಗಿ ಗೆಜ್ಜಿ ಕೇಳಸ್ಲಿಲ್ಲ" ಎಂದೆ. ಅವಳು ಕೂಸಿನ ಕೈಯಿಂದ ಫೋನು ಕಿತ್ತುಕೊಂಡು, ಕೂಸನ್ನು ಕಂಕುಳಿಗೆ ಎತ್ತಿ, ನಾಟಿ ಬಿಟ್ಟು ಮನೆಗೆ ನಡೆದಳು. ಅಂದಿನಿಂದ ನನ್ನ ಕೂಡ ಮಾತಿಲ್ಲ. ಇಲ್ಲದಿದ್ದರೆ ಇಲ್ಲ. ಆಯಿಯ ಮೇಲೆ ಹೊರಿಸಿದ ಸುಳ್ಳನ್ನು ಇಳಿಸಲು ನನಗೆ ಆರು ವರ್ಷ ಹಿಡಿಯಿತು.