ಅತ್ತೆಯ ದೇವರು, ನನ್ನ ಅಂಗೈ

ಬಿಳಿ ಬಣ್ಣದ ಮೇಲೆ ನನಗಿದ್ದ ಮೋಹ, ಹೊಸಪೇಟೆಯಲ್ಲಿ ಸಂಡೂರು ರಸ್ತೆಯ ಮಗ್ಗುಲಿಗೆ ಮನೆ ಮಾಡಿದ ಮೊದಲ ವಾರದಲ್ಲೇ ಬಿಟ್ಟುಹೋಯಿತು. ಗಣಿಯ ಭರಾಟೆಯ ಕಾಲ ಅದು. ಅದಿರು ತುಂಬಿದ ಲಾರಿಗಳು ಒಂದರ ಬಾಲ ಒಂದು ಹಿಡಿದುಕೊಂಡು ಹೋಗುತ್ತಿದ್ದವು. ಅವು ಹೋದ ಮೇಲೂ ಅವುಗಳ ಕೆಂಪು ಧೂಳು ಮಾತ್ರ, ಉಂಡ ಮೇಲೂ ಏಳಲೊಲ್ಲದ ಬೀಗರ ಹಾಗೆ ನಮ್ಮಲ್ಲೇ ಕೂತುಬಿಡುತ್ತಿತ್ತು. ಬೆಳಿಗ್ಗೆ ಒಗೆದು ಹಾಕಿದ ಬಿಳಿ ಪಂಚೆ ಸಂಜೆಯೊಳಗೆ ಕಾವಿ ತೊಟ್ಟು ಸನ್ಯಾಸ ತೆಗೆದುಕೊಳ್ಳುತ್ತಿತ್ತು, ಹಣೆಯ ವಿಭೂತಿ ಮಧ್ಯಾಹ್ನಕ್ಕೆಲ್ಲ ಕುಂಕುಮವಾಗುತ್ತಿತ್ತು, ಮುಚ್ಚಲು ಮರೆತ ಮೊಸರಿನ ಗತಿಯನ್ನಂತೂ ಕೇಳಲೇಬೇಡಿ. ನಮ್ಮ ಯಜಮಾನರದು ಲಾರಿ ಟೈರಿನ ಅಂಗಡಿ. ನಾನು ಧೂಳಿಗೆ ಶಾಪ ಹಾಕಲು ಬಾಯಿ ತೆರೆದರೆ ಸಾಕು, "ನಮ್ಗ ಅನ್ನ ಹಾಕಾದು ಅದಾ, ಸುಮ್ಕಿರ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು. ಮುಚ್ಚಿದ ಬಾಯಿಯೊಳಗೂ ಹಲ್ಲಿಗೆ ಧೂಳು ಕರಕರ ಸಿಗುತ್ತಿತ್ತು.

ನಮ್ಮ ಪೈಕಿ ದೇವರು ಗುಡಿಯಲ್ಲಿರುವುದಕ್ಕಿಂತ ಕೊರಳಲ್ಲಿರುವುದೇ ಹೆಚ್ಚು. ಅಡಿಕೆ ಗಾತ್ರದ ಕಪ್ಪು ಇಷ್ಟಲಿಂಗ, ಅದಕ್ಕೊಂದು ಬೆಳ್ಳಿಯ ಕರಡಿಗೆ, ಕರಡಿಗೆಗೊಂದು ದಾರ. ದಿನಾ ಮೈತೊಳೆದುಕೊಂಡ ಮೇಲೆ ಲಿಂಗವನ್ನು ಎಡ ಅಂಗೈಯ ಮೇಲಿಟ್ಟು, ನೀರೆರೆದು, ವಿಭೂತಿ ಹಚ್ಚಿ, ಒಂದು ಪತ್ರೆ ಏರಿಸಿ, ಕಣ್ತುಂಬ ನೋಡಿ ಮುಗಿಸಿದ ಮೇಲೆಯೇ ಬಾಯಿಗೆ ತುತ್ತು. ಆ ಮನೆಗೆ ಹೋದ ವರ್ಷ ಬೆವರಿಗೂ ಧೂಳಿಗೂ ದಾರ ಕೆಂಪಾಗಿ ಕೊರಳೆಲ್ಲ ಕಡಿತ ಹತ್ತಿತೆಂದು ಕರಡಿಗೆಯನ್ನು ತೆಗೆದೆ. ತೆಗೆದವಳು ಗಟ್ಟಿ ಮುಚ್ಚಳದ ಒಂದು ಸ್ಟೀಲ್ ಡಬ್ಬಿಯಲ್ಲಿ ಅದನ್ನು ಜೋಪಾನವಾಗಿಟ್ಟು, ಡಬ್ಬಿಯನ್ನು ಬೀರುವಿನಲ್ಲಿಟ್ಟೆ. ಮೊದಮೊದಲು ದಿನಾ ತೆಗೆಯುತ್ತಿದ್ದೆ, ಆಮೇಲೆ ಸೋಮವಾರಕ್ಕೊಮ್ಮೆ, ಆಮೇಲೆ ಹಬ್ಬಕ್ಕೆ. ಕೊನೆಗೆ ಬೀರುವಿನಲ್ಲಿ ಸೀರೆ ಹುಡುಕುವಾಗ ಡಬ್ಬಿ ಕೈಗೆ ತಗುಲಿದರೆ ಆಚೆ ಸರಿಸುವಷ್ಟಕ್ಕೆ ಬಂದು ನಿಂತಿತು.

ಧೂಳು ಒಂದು ನೆಪ ಎಂಬುದು ನಿಮಗೂ ಹೊಳೆದಿರಬೇಕು. ಅದೇ ವರ್ಷ ಮರಿಯಮ್ಮನಹಳ್ಳಿಯಲ್ಲಿ ನನ್ನವ್ವ ಹಾಸಿಗೆ ಹಿಡಿದಳು. ಅವಳ ಪಕ್ಕದಲ್ಲಿ ಕೂತು, ಲಿಂಗವನ್ನು ಅಂಗೈಯಲ್ಲಿ ಹಿಡಿದು, ಇವಳೊಬ್ಬಳನ್ನು ಉಳಿಸಿಕೊಡಪ್ಪಾ ಎಂದು ನಾನು ಕೇಳಿಕೊಂಡದ್ದು ಕಡಿಮೆಯಲ್ಲ. ಅವ್ವ ಹೋದಳು. ಕೇಳಿದ್ದು ಸಿಗಲಿಲ್ಲವೆಂಬ ದುಃಖವನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಅಷ್ಟು ದಿನ ಕೇಳಿಸಿಕೊಂಡವರೇ ಯಾರೂ ಇರಲಿಲ್ಲವೆಂಬ ಅನುಮಾನವನ್ನು ಮಾತ್ರ ನುಂಗಲಾಗಲಿಲ್ಲ. ಸಿಟ್ಟಾದರೂ ಬಂದಿದ್ದರೆ ಚೆನ್ನಾಗಿತ್ತು, ಸಿಟ್ಟು ಬರಲು ಎದುರಿಗೆ ಒಬ್ಬರಾದರೂ ಬೇಕಲ್ಲ! ಬೀಗ ಹಾಕಿದ ಮನೆಯ ಮುಂದೆ ನಿಂತು ಕೂಗಿದ ಹಾಗಾಯಿತು ನನ್ನ ಪೂಜೆ. ಒಂದು ದಿನ ಕೂಗುವುದನ್ನು ಬಿಟ್ಟೆ, ಅಷ್ಟೇ.

ಬಿಟ್ಟದ್ದರಿಂದ ಮನಸ್ಸು ಹಗುರವಾಯಿತೇ ಎಂದರೆ ಅದೂ ಇಲ್ಲ. ಹೊಸಪೇಟೆಯಲ್ಲಿ ಇರುವವರ ಮನೆಗೆ ಬಂದ ನೆಂಟರನ್ನು ಹಂಪಿಗೆ ಕರೆದುಕೊಂಡು ಹೋಗುವುದು ಊಟಕ್ಕೆ ಹಾಕಿದಷ್ಟೇ ಕಡ್ಡಾಯ. ನಾನೂ ಹೋಗುತ್ತಿದ್ದೆ, ವಿರೂಪಾಕ್ಷನ ಮುಂದೆ ನೆಂಟರೆಲ್ಲ ಕಣ್ಣು ಮುಚ್ಚಿ ನಿಂತರೆ ನಾನು ಅವರ ಚಪ್ಪಲಿ ಎಲ್ಲಿಟ್ಟಿದ್ದಾರೋ ಎಂದು ಯೋಚಿಸುತ್ತಾ ನಿಲ್ಲುತ್ತಿದ್ದೆ, ಗಂಡಿನ ಕಡೆಗೂ ಸಲ್ಲದೆ ಹೆಣ್ಣಿನ ಕಡೆಗೂ ಸಲ್ಲದೆ ಮದುವೆಗೆ ಬಂದವರ ಹಾಗೆ. ಊರಿಗೆ ಊರೇ ದುಡ್ಡಿನ ಹುಮ್ಮಸ್ಸಿನಲ್ಲಿತ್ತು. ರಸ್ತೆಯ ತುಂಬ ಹಾರ್ನು, ಮನೆಯ ತುಂಬ ಫೋನು, ಆದರೂ ಯಾರಿಗೂ ಹೇಳಲಾಗದ ಸಣ್ಣ ಸಂಗತಿಗಳು ನನ್ನೊಳಗೆ ಒಂದರ ಮೇಲೊಂದು ಪೇರಿಸಿಕೊಳ್ಳುತ್ತಾ ಹೋದವು. ಗಂಡನಿಗೆ ಹೇಳುವಷ್ಟು ದೊಡ್ಡವಲ್ಲ, ಮರೆಯುವಷ್ಟು ಸಣ್ಣವೂ ಅಲ್ಲ. ಮೊದಲೆಲ್ಲ ಅವನ್ನು ಬೆಳಗಿನ ಪೂಜೆಯಲ್ಲಿ ಹೇಳಿ ಹಗುರಾಗುತ್ತಿದ್ದೆನೆಂಬುದು ಪೂಜೆ ಬಿಟ್ಟ ಮೇಲೆಯೇ ತಿಳಿದದ್ದು.

ಹಾಗಿರುವಾಗ ಕಂಪ್ಲಿಯಿಂದ ಗೌರಮ್ಮತ್ತೆ ಬಂದಿಳಿದರು. ನಮ್ಮ ಯಜಮಾನರ ಸೋದರತ್ತೆ. ಅಕ್ಕಿ ಗಿರಣಿಯ ಮನೆತನದವರು. ಗಿರಣಿಯ ಸದ್ದಿನಲ್ಲಿ ಮಾತಾಡಿ ರೂಢಿಯಾಗಿ, ಗುಟ್ಟು ಹೇಳಿದರೂ ಮೂರು ಮನೆಗೆ ಕೇಳಿಸುವ ಕಂಠ. ಅಂಗಳದಲ್ಲಿ ಜಾರಿ ಎಡಗೈ ಮುರಿದುಕೊಂಡಿದ್ದರು. ಮೊಣಕೈಯಿಂದ ಬೆರಳ ತುದಿಯವರೆಗೆ ಪ್ಲಾಸ್ಟರು ಹಾಕಿಸಿಕೊಂಡು, ಡಾಕ್ಟರು ಬಿಚ್ಚುವವರೆಗೂ ನಮ್ಮಲ್ಲೇ ಇರುವುದೆಂದಾಯಿತು. ಮರುದಿನ ಬೆಳಿಗ್ಗೆ ಚಹಾ ಕೊಡಹೋದರೆ, ಪೂಜೆಯಾಗದೆ ಮುಟ್ಟುವುದಿಲ್ಲವೆಂದು ಲೋಟ ಸರಿಸಿದರು.

"ನಿಂದು ಆತೇನವ್ವ ಪೂಜಿ? ನಿನ್ನ ಲಿಂಗ ಎಲ್ಲೈತಿ?"

ನಾನು ಬೀರುವಿನ ಡಬ್ಬಿ ತೋರಿಸಿ, ಧೂಳು ಹತ್ತಬಾರದೆಂದು ಹಾಗಿಟ್ಟಿದ್ದೇನೆಂದೆ. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಿಂತಿದ್ದೆ. ಅತ್ತೆ ಒಂದು ಗಳಿಗೆ ಡಬ್ಬಿಯನ್ನು ನೋಡಿ, ಪ್ಲಾಸ್ಟರಿನ ಕೈ ಕುಣಿಯುವ ಹಾಗೆ ನಗತೊಡಗಿದರು.

"ಅಯ್ಯ ನನ ಶಿವನ! ದೇವ್ರನ್ನ ಉಪ್ಪಿನಕಾಯಿ ಮಾಡಿಟ್ಟೀಯಲ್ಲಬೇ! ಬೂಷ್ಟು ಹಿಡೀಬಾರ್ದಂತ ಮ್ಯಾಲ ಒಂಚೂರು ಎಣ್ಣಿನೂ ಹುಯ್ದೀಯೇನು?"

ನನಗೂ ನಗು ತಡೆಯಲಾಗಲಿಲ್ಲ. ನಗು ಮುಗಿದ ಮೇಲೆ ಅತ್ತೆಯ ನಿಜವಾದ ಪೇಚು ಬೆಳಕಿಗೆ ಬಂತು: ಲಿಂಗವನ್ನು ಇಟ್ಟುಕೊಳ್ಳಬೇಕಾದ ಎಡ ಅಂಗೈ ಪ್ಲಾಸ್ಟರಿನೊಳಗಿದೆ. ಅವರು ಎಲ್ಲವನ್ನೂ ಯೋಚಿಸಿಕೊಂಡೇ ಬಂದವರಂತೆ, "ನಿನ್ನ ಕೈ ಕೊಡಿಲ್ಲಿ" ಎಂದರು.

"ನನ್ ಕೈಯಾ? ಬ್ಯಾಡ್ರಿ ಅತ್ತಿ. ನಾನು ಪೂಜಿನಾ ಬಿಟ್ಟಾಕಿ. ಮತ್ತ, ಒಬ್ರ ಲಿಂಗ ಇನ್ನೊಬ್ರು ಮುಟ್ಟಬಾರ್ದಂತಾರಲ್ರಿ."

"ಕೈ ಮುರ್ದೋರಿಗೆ ಬ್ಯಾರೆ ಶಾಸ್ತ್ರ ಐತಿ. ಜಲ್ದಿ ಚಾಚು, ಚಹಾ ಆರಾಕತ್ತೈತಿ."

ಹೀಗೆ ನನ್ನ ಅಂಗೈ ಇನ್ನೊಬ್ಬರ ದೇವರಿಗೆ ಪೀಠವಾಯಿತು. ದಿನಾ ಬೆಳಿಗ್ಗೆ ಎದುರುಬದುರು ಕೂತು ನಾನು ಕೈ ಚಾಚುವುದು, ಅತ್ತೆ ಬಲಗೈಯಿಂದ ನೀರೆರೆದು, ಪತ್ರೆಯಿಟ್ಟು, ತುಟಿಯಲ್ಲಿ ಏನೋ ಅನ್ನುತ್ತಾ ನೋಡುವುದು. ನನಗೆ ಒಳಗೊಳಗೇ ಹೆದರಿಕೆಯಿತ್ತು. ಇಷ್ಟು ಹತ್ತಿರ ಕೂತೂ ಏನೂ ಅನ್ನಿಸದಿದ್ದರೆ, ನನ್ನ ಪಾಲಿಗೆ ಆ ಬಾಗಿಲು ಮುಚ್ಚಿದ್ದು ಖಾಯಂ ಎಂದೇ ಅರ್ಥವಲ್ಲವೇ? ಮೊದಲ ದಿನ ಏನೂ ಅನ್ನಿಸಲಿಲ್ಲ. ಎರಡನೆಯ ದಿನವೂ ಇಲ್ಲ. ನೀರು ತಣ್ಣಗೆ ತಗುಲಿತು, ಕೈ ಜೋಮು ಹಿಡಿಯಿತು, ಅಷ್ಟೇ.

ಆದರೆ ಅತ್ತೆಯ ಪೂಜೆಯ ಕೊನೆಯ ಭಾಗವನ್ನು ನಾನು ಮೊದಲು ಗಮನಿಸಿರಲಿಲ್ಲ. ಮಂತ್ರ ಮುಗಿದ ಮೇಲೆ ಅವರು ಲಿಂಗದೊಂದಿಗೆ ಹರಟೆಗಿಳಿಯುತ್ತಿದ್ದರು. ಡಾಕ್ಟರು ಕೈ ತಿರುವಿದ್ದು, ಕಂಪ್ಲಿಯ ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ ಎಂಬ ಚಿಂತೆ, ಸೊಸೆ ಫೋನು ಮಾಡಲಿಲ್ಲವೆಂಬ ಮುನಿಸು, ಎಲ್ಲವನ್ನೂ ಪಕ್ಕದ ಮನೆಯವರಿಗೆ ಹೇಳುವ ಹಾಗೆ ಹೇಳುತ್ತಿದ್ದರು. ನನ್ನ ಅಂಗೈ ನಡುವೆ ಇದ್ದುದರಿಂದ ನಾನು ಕೇಳಿಸಿಕೊಳ್ಳದೆ ವಿಧಿಯಿರಲಿಲ್ಲ. ಒಂದು ಬೆಳಿಗ್ಗೆ ದೂರು ನನ್ನ ಮೇಲೆಯೇ ಬಂತು.

"ನೋಡಪ್ಪ, ಈಕಿ ಭಾಳ ಛಲೋ ಹುಡುಗಿ, ಆದ್ರ ಕೈ ಬಿಗಿ. ಚಹಾಕ್ಕ ಸಕ್ರಿನಾ ಹಾಕಾದಿಲ್ಲ. ಬಿಸಿನೀರು ಕುಡ್ದಂಗಾಗ್ತೈತಿ. ನೀನಾ ಒಂಚೂರು ಹೇಳು."

ನನಗೆ ರೇಗಿತು. "ಸುಳ್ಳಪ್ಪಾ! ಡಾಕ್ಟರು ಬ್ಯಾಡಂದಾರ. ಸಕ್ರಿ ಕಾಯಿಲೆ ಇಟ್ಕಂಡು ನಿನ್ನೆ ಕದ್ದು ಎರಡು ಲಾಡು ತಿಂದಾರ, ಅದನ್ಯಾಕ ನಿಂಗ ಹೇಳಿಲ್ಲ ಕೇಳು ಅವ್ರನ್ನ!"

ಅಂದವಳು ಅಲ್ಲೇ ತಡೆದೆ. ನಾನು ಅತ್ತೆಯ ಮುಖ ನೋಡಿ ಹೇಳಿರಲಿಲ್ಲ. ಅಂಗೈ ನೋಡಿ ಹೇಳಿದ್ದೆ. ಅತ್ತೆ ಒಂದು ಪತ್ರೆಯನ್ನು ಸರಿಮಾಡಿಡುತ್ತಾ, "ಹೋಗ್ಲಿ ಬಿಡ್ರಿ, ಇಬ್ರೂ ಕೂಡಿ ನನ್ನ ಮ್ಯಾಲ ಬಂದ್ರಿ" ಎಂದು ಗೊಣಗಿದರು.

ಎಷ್ಟೋ ಕಾಲದ ಮೇಲೆ ನನ್ನ ಬಾಯಿಂದ ಹೊರಟ ಪ್ರಾರ್ಥನೆ ಎರಡು ಲಾಡಿನ ಕುರಿತಾಗಿತ್ತು! ಭಕ್ತಿಯಿಂದ ಬಂದದ್ದಲ್ಲ, ಮಾನ ಉಳಿಸಿಕೊಳ್ಳಲು ಬಂದದ್ದು. ಆದರೆ ನೀವೇ ಹೇಳಿ, ಎದುರಿಗೆ ಯಾರೂ ಇಲ್ಲವೆಂದು ತಿಳಿದವರು ನ್ಯಾಯ ಹೇಳಲು ಹೋಗುತ್ತಾರೆಯೇ? ಇದ್ದಾರೋ ಇಲ್ಲವೋ ಎಂದು ವರ್ಷಗಟ್ಟಲೆ ಅಳೆದೂ ಸುರಿದೂ ನೋಡಿದ ನನ್ನ ಬುದ್ಧಿಯನ್ನು ನಾಲಿಗೆ ಕೇಳಲೇ ಇಲ್ಲ, ಹಳೆಯ ಸಲುಗೆಯಲ್ಲಿ ತಾನೇ ಮುಂದೆ ಹೋಗಿಬಿಟ್ಟಿತು. ನನಗೆ ಅಳು ಬಂತು, ನಗುವೂ ಬಂತು. "ಏ, ಅಲುಗಾಡಬ್ಯಾಡ, ಬಿದ್ದಾನು" ಎಂದು ಅತ್ತೆ ನನ್ನ ಕೈಯನ್ನು ಕೆಳಗಿನಿಂದ ಹಿಡಿದರು.

ಆ ಮಧ್ಯಾಹ್ನ ಅತ್ತೆ ಮಲಗಿದಾಗ ಡಬ್ಬಿ ತೆಗೆದೆ. ಗಟ್ಟಿ ಮುಚ್ಚಳವೆಂದು ಎಷ್ಟು ನಂಬಿದ್ದೆನೋ, ಧೂಳು ಅದರೊಳಗೂ ಹೊಕ್ಕು ಕರಡಿಗೆಯ ಸಂದಿನಲ್ಲಿ ಕೆಂಪಗೆ ಕೂತಿತ್ತು. ನನ್ನ ಲಿಂಗವನ್ನು ನನ್ನ ಅಂಗೈಯ ಮೇಲಿಟ್ಟು ನೀರೆರೆದರೆ ಬೆರಳ ಸಂದಿನಿಂದ ಕೆಂಪು ನೀರು ಇಳಿಯಿತು. ಬೇರೆ ಊರುಗಳಲ್ಲಿ ದೇವರಿಗೆ ಸ್ನಾನ ಪದ್ಧತಿಗೆಂದು ಮಾಡಿಸುತ್ತಾರೆ, ನಮ್ಮೂರಲ್ಲಿ ಪಾಪ, ಅವನಿಗೆ ನಿಜವಾಗಿಯೂ ಬೇಕಾಗಿತ್ತು. ಅಂಗಡಿಯಿಂದ ಬಂದ ಗಂಡನಿಗೆ ಕಾಲಿಗೆ ನೀರು ಕೊಟ್ಟ ಹಾಗೆ ಸಂತೋಷದಿಂದ ತೊಳೆದೆ. ಆಮೇಲೆ ಅವ್ವನ ಮಾತು ತೆಗೆದೆ. ಬೈದೆ, ಚೆನ್ನಾಗಿಯೇ ಬೈದೆ. ಉತ್ತರವೇನೂ ಬರಲಿಲ್ಲ. ಆದರೆ ಪೇಪರು ಓದುತ್ತಾ "ಹೂಂ" ಅನ್ನುವವರ ಮೌನ ಬೇರೆ, ಕೆಲಸ ಬಿಟ್ಟು ಕೂತು ಕೇಳುವವರ ಮೌನ ಬೇರೆ. ಹೆಂಗಸರಾದ ನಮಗೆ ಆ ವ್ಯತ್ಯಾಸ ಗೊತ್ತಾಗುತ್ತದೆ.

ಪ್ಲಾಸ್ಟರು ಬಿಚ್ಚಿದ ಮೇಲೆ ಅತ್ತೆ ಕಂಪ್ಲಿಯ ಬಸ್ಸು ಹತ್ತಿದರು. ಅವರ ಜೊತೆಗೆ ಆ ಮಾತೂ ಬಸ್ಸು ಹತ್ತಿಬಿಟ್ಟರೆ ಎಂಬ ಭಯ ನನಗೆ. ಮರುದಿನ ಬೆಳಿಗ್ಗೆ ಒಬ್ಬಳೇ ಕೂತೆ. ನೀರೆರೆದೆ, ವಿಭೂತಿ ಹಚ್ಚಿದೆ, ಪತ್ರೆ ಇಟ್ಟೆ. ರಸ್ತೆಯಲ್ಲಿ ಲಾರಿಗಳು ಗುಡುಗಿದವು, ಮನೆಯೊಳಗೆ ಸದ್ದಿಲ್ಲ. ಕೊನೆಗೆ, "ಅತ್ತಿ ಹೋದ್ರು ನೋಡಪ್ಪ, ಮನಿ ಭಣಭಣ ಅನ್ನಾಕತ್ತೈತಿ" ಎಂದೆ. ಅಷ್ಟು ಅಂದದ್ದೇ ತಡ, ಪೇರಿಸಿಟ್ಟ ಸಂಗತಿಗಳೆಲ್ಲ ನಾ ಮುಂದು ತಾ ಮುಂದು ಎಂದು ಹೊರಬಿದ್ದವು. ನಾನೇ ನಗುತ್ತಿದ್ದೆ, ನಾನೇ ಮುನಿಯುತ್ತಿದ್ದೆ, ಹೊತ್ತು ಹೋದದ್ದು ತಿಳಿಯಲಿಲ್ಲ.

ಬಾಗಿಲ ಹೊರಗಿನಿಂದ ಯಜಮಾನರ ದನಿ ಬಂತು. "ಅತ್ತಿ ನಿನ್ನೇನಾ ಹೋದ್ಲಲ್ಲ, ಮತ್ತ ಯಾರ್ ಜೋಡಿ ಮಾತು? ಯಾರ್ ಬಂದಾರ?"

"ಹಳೇ ಗುರುತಿನೋರು ಬಂದಾರ್ರೀ" ಎಂದೆ, ಅಂಗೈಯಿಂದ ಕಣ್ಣು ತೆಗೆಯದೆ. "ಭಾಳ ವರ್ಷದ ಮಾತು, ಮುಗಿಯವಲ್ದು. ಇವತ್ತೊಂದಿನ ಚಹಾ ನೀವಾ ಮಾಡ್ಕಳ್ರಿ."