ಜಗಲಿ ಇದ್ದ ಹಡಗು

ಮೊನ್ನೆ ಚಾವಡಿಯಲ್ಲಿ ಸಣ್ಣ ಮೊಮ್ಮಗ ಬೋರಲು ಮಲಗಿ ಹಡಗಿನ ಚಿತ್ರ ಬಿಡಿಸುತ್ತಿದ್ದ. ಕಪ್ಪು ಬಾವುಟ, ಅದರಲ್ಲಿ ತಲೆಬುರುಡೆ. ಕಡಲ್ಗಳ್ಳರ ಹಡಗಂತೆ. ನಿಮ್ಮ ಅಜ್ಜ ಹೋದ ಮೇಲೆ ನನಗೆ ಬಾಗಿಲ ಮರೆಯೇ ಹಿತ. ಅಲ್ಲಿಂದಲೇ ಇಣುಕಿ, "ಇದಕ್ಕೆ ಜಗಲಿ ಎಲ್ಲುಂಟು?" ಎಂದೆ. ಅವನು ಹೊಟ್ಟೆ ಹಿಡಿದು ನಕ್ಕ. ನಗಲಿ ಬಿಡಿ ಮಕ್ಕಳೇ. ನಾನು ಹತ್ತಿರದಿಂದ ನೋಡಿದ ಹಡಗು ಒಂದೇ ಒಂದು, ಅದಕ್ಕೆ ಜಗಲಿ ಇತ್ತು.

ಪಂಜದ ಹತ್ತಿರದ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಕಟ್ಟಿದ ಹಡಗು ಅದು. ನಾನಾಗ ಆರನೇ ಕ್ಲಾಸು. ಹಾಜರಿ ಕರೆದಾಗಲೂ ಪಕ್ಕದವಳಿಂದ ಹೇಳಿಸುವಷ್ಟು ನಾಚಿಕೆಯವಳು. ನಮ್ಮ ಮಾಷ್ಟ್ರು ಎಲ್ಲೋ ಓದಿದ್ದರು: ಕೆಲವು ಕಡಲ್ಗಳ್ಳರು ಕಪ್ತಾನನನ್ನು ಕೈಯೆತ್ತಿ ಆರಿಸುತ್ತಿದ್ದರಂತೆ, ಸರಿಯಿಲ್ಲದಿದ್ದರೆ ಇಳಿಸುತ್ತಿದ್ದರಂತೆ. ರಾಜನಿಲ್ಲದ ದ್ವೀಪದಲ್ಲಿ ಸಿಕ್ಕಿದ್ದನ್ನು ಸಮಪಾಲು ಮಾಡಿ ಉಣ್ಣುತ್ತಿದ್ದರಂತೆ. "ಕದಿಯುದು ಕಲಿಯಬೇಡಿ, ಹಂಚುದು ಕಲಿಯಿರಿ" ಎಂದು ಅದನ್ನೇ ಊರವರು ಆಡುವ ನಾಟಕ ಮಾಡಿದರು. ಗೇಣಿಯ ಕಾಲ, ಬೆಳೆದದ್ದರಲ್ಲಿ ದೊಡ್ಡ ಪಾಲು ಭೂಮಿಯ ಧಣಿಗಳಿಗೆ. ಮಾಷ್ಟ್ರು ಇದನ್ನು ಯಾಕೆ ಬರೆದರೆಂದು ದೊಡ್ಡವರಿಗೆಲ್ಲ ಗೊತ್ತಿತ್ತು.

ಗಂಟಲು ದೊಡ್ಡದೆಂದು ನನ್ನ ಅಪ್ಪನಿಗೆ ಕಪ್ತಾನನ ಪಾತ್ರ. ಅಪ್ಪ ಧಣಿಗಳ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ಒಕ್ಕಲು. ಮರದ ಕೆಲಸ ಗೊತ್ತಿದ್ದುದರಿಂದ ಹಡಗು ಕಟ್ಟಿದ್ದೂ ಅವರೇ. ಸಮುದ್ರ ಕಂಡವರಲ್ಲ. ಬಿದಿರು, ಹಲಗೆ ಎಲ್ಲ ಸೇರಿಸಿ, ಎದುರಿಗೆ ಉದ್ದಕ್ಕೆ ಒಂದು ಜಗಲಿ ಇಟ್ಟರು. ನಾಲ್ಕು ಜನ ಇರುವ ಜಾಗಕ್ಕೆ ಜಗಲಿ ಬೇಡವೇ?

ಒಣಮೀನು ಮಾರುವ ಮೋನು ಬ್ಯಾರಿ ಮಾತ್ರ ಹಡಗು ಕಂಡವರು. "ಇದೆಂತ ಮಾರಾಯ್ರೆ! ತೆರೆ ಬಂದರೆ ಕೂತವರ ಮುಂಡು ನೆನೆದು ಚಂಡಿಯಾಗುದಿಲ್ವಾ?"

ಮಾಷ್ಟ್ರು ಮಾತ್ರ ಜಗಲಿಯನ್ನೇ ನೋಡುತ್ತಾ ನಿಂತರು. "ಇರಲಿ ಬ್ಯಾರಿಗಳೇ. ನಮ್ಮವರಿಗೆ ಸಮುದ್ರ ಗೊತ್ತಿಲ್ಲ, ಜಗಲಿ ಗೊತ್ತುಂಟು."

ಅಲ್ಲಿಂದ ಶುರುವಾಯಿತು ಅಪ್ಪನ ಕಷ್ಟ. ಕೊನೆಯ ದೃಶ್ಯದಲ್ಲಿ ಕಪ್ತಾನ ಆ ಜಗಲಿಯಲ್ಲಿ ಅಡಿಗೆಯವನ ಪಕ್ಕ ಕೂತು ಗಂಜಿ ಉಣ್ಣಬೇಕು. ಧಣಿಗಳ ಜಗಲಿಯೆದುರು ಅಂಗಳದಲ್ಲಿ ನಿಂತೇ ಅಭ್ಯಾಸವಾದವರು ಅಪ್ಪ. ತಾನೇ ಕಟ್ಟಿದ ಜಗಲಿಯೆದುರೂ ನಿಂತೇ ಬಿಡುತ್ತಿದ್ದರು.

"ಧಣಿಗಳು ಎದುರೇ ಇರ್ತಾರಲ್ಲ ಮಾಷ್ಟ್ರೆ. ನಾಳೆ ಗದ್ದೆ ಬಿಡು ಅಂದರೆ?"

"ಕೂರುದು ಬಿಡುದು ನಿಮಗೆ ಬಿಟ್ಟದ್ದು" ಎಂದರು ಮಾಷ್ಟ್ರು.

ನಾಟಕದ ಸಂಜೆ ನಾನು ಹಾಯಿಯೆಂದು ಕಟ್ಟಿದ ಹೊದಿಕೆಯ ಹಿಂದೆ, ಮಾತು ಮರೆತವರಿಗೆ ಹೇಳಿಕೊಡಲು. ಮುಖ ಕಾಣದ ಕೆಲಸವೆಂದು ಒಪ್ಪಿದ್ದೆ. ಗಂಜಿ ಬಂತು. ಎಲ್ಲರೂ ಕೂತರು. ಅಪ್ಪ ಕೈಕಟ್ಟಿ ನಿಂತರು. ಎದುರು ಕುರ್ಚಿಯಲ್ಲಿ ಧಣಿಗಳು. ನಾನು ಪಿಸುಗುಟ್ಟಿದೆ ಎಂದುಕೊಂಡೆ, ಆದರೆ ಗದ್ದೆಯಾಚೆಗೂ ಕೇಳಿತಂತೆ: "ಅಪ್ಪಾ, ಕೂತುಕೊಳ್ಳಿ!"

ಅಪ್ಪ ಕೂತರು. ಹಲಗೆ ಕಿರ್ರೆಂದಿತು.

"ಹಡಗು ಮುಳುಗಲಿಲ್ಲ ಮಾರಾಯ್ರೆ, ಇನ್ನು ನೀರಿಗೆ ಬಿಡಿ!" ಎಂದು ಹಿಂದಿನಿಂದ ಬ್ಯಾರಿಗಳು ಕೂಗಿದರು. ಜನ ನಕ್ಕರು. ಧಣಿಗಳು ಮಾತ್ರ ನಗದೆ ಎದ್ದು ಹೋದರು.

ಆಮೇಲೆ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ಧಣಿಗಳಿಂದ ಕರೆ ಬಂದ ದಿನ ಅಂಗಿ ಒಗೆದು ಹಾಕಿಕೊಂಡು ಹೋದರು. ಅಂಗಳದಲ್ಲಿ ಎಷ್ಟು ಹೊತ್ತು ನಿಂತರೋ. ಕೊನೆಗೆ, ಏನಾದರಾಗಲಿ ಎಂದು, ಜಗಲಿಯ ತುದಿಯಲ್ಲಿ ಕೂತರಂತೆ. ಧಣಿಗಳು ತಲೆಯಿಂದ ಕಾಲಿನವರೆಗೆ ನೋಡಿ ಎಲೆಯಡಿಕೆಯ ತಟ್ಟೆ ಇತ್ತ ತಳ್ಳಿದರಂತೆ.

"ಎಂತ ಕಪ್ತಾನ, ಸಮುದ್ರ ಹೇಗುಂಟು?"

"ಈಗ ತೆರೆ ಕಮ್ಮಿ ಉಂಟು ಧಣಿ."

ಗದ್ದೆ ನಮ್ಮಲ್ಲೇ ಉಳಿಯಿತು. ಉಳುವವನೇ ಒಡೆಯ ಎಂಬ ಭೂಮಿಯ ಕಾನೂನು ಬಂದದ್ದು ಎಷ್ಟೋ ವರ್ಷ ಕಳೆದು. ಅಪ್ಪ ಮಾತ್ರ ಆ ದಿನದಿಂದ ಎಲ್ಲಿ ಹೋದರೂ ಕೂತೇ ಮಾತಾಡಿದರು.

ಇಷ್ಟೂ ಕೇಳಿದ ಮೊಮ್ಮಗ ನಗು ನಿಲ್ಲಿಸಿ, ಹಡಗಿನ ಎದುರಿಗೆ ಉದ್ದಕ್ಕೆ ಒಂದು ಜಗಲಿ ಗೀಚಿದ. "ಇಲ್ಲಿ ಯಾರ್ಯಾರು ಕೂರುದು ಅಜ್ಜೀ?"

ನಾನು ಬಾಗಿಲ ಮರೆ ಬಿಟ್ಟು ಚಾವಡಿಗೆ ಬಂದು, ಅವನ ಪಕ್ಕದಲ್ಲಿ ಕೂತೆ.

"ಮೊದಲು ನನ್ನನ್ನು ಬಿಡಿಸು" ಎಂದೆ.